ಕಪ್ಪತಗುಡ್ಡದ ಬುಡದಲ್ಲೇ ಇದ್ದರೂ ನಮ್ಮ ಹೊಲಕ್ಕೆ ಮಳೆ ಯಾಕಿಲ್ಲ?

ಪ್ರಶ್ನೆ: "ಸರ್, ನಮ್ಮದು ಗದಗ ಜಿಲ್ಲಾ ಮುಂಡರಗಿ ತಾಲೂಕಿನ ಡೋಣಿ ಹತ್ತಿರದ ಹಳ್ಳಿ. ಎಂಟು ಎಕರೆ ಹೊಲ ಐತ್ರಿ. ಐದು ಎಕರೆ ಗುಡ್ಡದ ಬುಡಕ್ಕ ಹತ್ತಿದ ಕೆಂಪು ಮಣ್ಣಿನ ಮಸಾರಿ, ಮೂರು ಎಕರೆ ತಗ್ಗಿನ್ಯಾಗಿನ ಕರಿ ಮಣ್ಣಿನ ಎರಿ. ಎರಡು ಬೋರ್ ಕೊರಸೇವಿ. ಒಂದು ನಾಲ್ಕುನೂರು ಫೂಟಿಗೂ ಬರೇ ಧೂಳು, ಇನ್ನೊಂದು ಎರಡು ವರ್ಷ ನೀರು ಕೊಟ್ಟು ಬತ್ತಿತು. ಕಪ್ಪತಗುಡ್ಡಕ್ಕ ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತಾರ. ಸಹ್ಯಾದ್ರಿ ಅಂದಮ್ಯಾಲೆ ಮಳಿ ಯಾಕಿಲ್ಲ? ಊರಾಗ ಎಲ್ಲಾರೂ ಗುಡ್ಡದ ಮ್ಯಾಲಿನ ಕರೆಂಟ್ ತಯಾರ ಮಾಡೋ ಗಾಳಿ ಫ್ಯಾನಿನ ಮ್ಯಾಲೆ ತಪ್ಪು ಹಾಕತಾರ, ಅವು ಮೋಡ ಹಾರಿಸಿಬಿಡ್ತಾವ ಅಂತ. ಈಗ ನಮ್ಮ ಹೊಲದಾಗೂ ಎರಡು ಎಕರೆ ಫ್ಯಾನಿನವರು ಲೀಸಿಗೆ ಕೇಳ್ಯಾರ. ಮಗ ಆ ರೊಕ್ಕದಾಗ ಎಂಟುನೂರು ಫೂಟು ಮೂರನೇ ಬೋರ್ ಹೊಡಸೋಣು ಅಂತಾನ. ತೆಂಗಿನಕಾಯಿ ಹಿಡಿದು ನೀರು ನೋಡಾವ್ರು ಜಾಗಾನೂ ತೋರಿಸಿ ಹೋಗ್ಯಾರ. ಊರಿನ ಹುಡುಗ್ರು ಗುಡ್ಡದ ಮ್ಯಾಲಿನ ಖಾಲಿ ಜಾಗಾದಾಗ ಗಿಡಾ ಹಚ್ಚಿದ್ರ ಮಳಿ ಬರ್ತೈತಿ ಅಂತಾರ. ಯಾವುದು ಖರೆ? ನಾ ಏನು ಮಾಡ್ಲಿ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಗುಡ್ಡವನ್ನೇ ನಂಬಿ ಕೂತಿದ್ದೇವೆ, ಅದು ಕೈಕೊಡುತ್ತಿದೆ ಅನ್ನುವುದು ಒಂದು. ಕೈಗೆ ಬರಲಿರುವ ಲೀಸಿನ ರೊಕ್ಕವನ್ನು ಎಲ್ಲಿ ಹಾಕಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಬಗೆಹರಿಯದೆ ಎರಡನೆಯದಕ್ಕೆ ಉತ್ತರ ಸಿಗದು. ಗುಡ್ಡದಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಗೊತ್ತಾದ ಮೇಲೇ ಅಲ್ಲವೇ ರೊಕ್ಕ ಬಿಚ್ಚುವುದು? ಈ ಸೀಮೆಯ ಕಲ್ಲು, ನೀರು ನೋಡುತ್ತಲೇ ನನ್ನ ವೃತ್ತಿ ಸಾಗಿದೆ. ಗುಡ್ಡದಿಂದಲೇ ಶುರು ಮಾಡುತ್ತೇನೆ.

ಕಪ್ಪತಗುಡ್ಡ ಸಹ್ಯಾದ್ರಿಯಲ್ಲ. ಅದರ ಕವಲೂ ಅಲ್ಲ. ಸಹ್ಯಾದ್ರಿ ಎಂದರೆ ದಖನ್ ಪ್ರಸ್ಥಭೂಮಿಯ ಪಡುವಣ ಅಂಚು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಸರಿಯಿತು, ಆಮೇಲೆ ಸೆಶಲ್ಸ್ ದ್ವೀಪಗಳ ನೆಲವೂ ಬಿಟ್ಟುಹೋಯಿತು. ಹಾಗೆ ಸೀಳಿಹೋದ ನೆಲದ ಅಂಚು ಎದ್ದು, ಸವೆದು ಉಳಿದದ್ದೇ ಇಂದಿನ ಘಟ್ಟ. ಕಪ್ಪತಗುಡ್ಡದ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿನ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೆಯದು. ಅಂದಿನ ಕಡಲ ತಳದಲ್ಲಿ ಹರಿದ ಲಾವಾ, ಅದರ ಮೇಲೆ ಕೂತ ಕೆಸರು ಮತ್ತು ಕಬ್ಬಿಣದ ಪದರು, ಎಲ್ಲವೂ ಒತ್ತಡಕ್ಕೆ ಸಿಕ್ಕು ಮಡಚಿಕೊಂಡು ನೆಟ್ಟಗೆ ನಿಂತಿವೆ. ಸುತ್ತಲಿನ ಮೆದು ಕಲ್ಲು ಸವೆದು ಬಯಲಾಯಿತು, ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು. ಗದಗದ ಬಿಂಕದಕಟ್ಟಿ ಕಡೆಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಈ ಸಾಲು ಚಾಚಿದೆ. ಅದೇ ಕಲ್ಲಿನ ಪಟ್ಟಿ ಹೊಳೆ ದಾಟಿ ಚಿತ್ರದುರ್ಗದ ಕಡೆಗೆ ಮುಂದುವರಿಯುತ್ತದೆ. ಗುಡ್ಡಕ್ಕೆ ಹತ್ತುವ ದಾರಿಯಲ್ಲಿ ಕೆಂಪು, ಕಪ್ಪು ಗೆರೆಗಳ ಪಟ್ಟೆಕಲ್ಲು ನೀವು ಖಂಡಿತ ನೋಡಿರುತ್ತೀರಿ. ಕೈಗೆ ತೆಗೆದುಕೊಂಡರೆ ಗಾತ್ರಕ್ಕೆ ಮೀರಿದ ಭಾರ, ಎಷ್ಟೋ ತುಂಡುಗಳಿಗೆ ಅಯಸ್ಕಾಂತ ಅಂಟುತ್ತದೆ. ಅದು ಆ ಕಾಲದ ಕಡಲ ಕಬ್ಬಿಣ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಇಲ್ಲಿನ ಬಂಗಾರದ ಕಲ್ಲುಗಳ ಬಗ್ಗೆ ಬರೆದಾಗ ಇವನ್ನು 'ದಂಬಳದ ಗುಡ್ಡಗಳು' ಎಂದೇ ಕರೆದ. ಇಂಥ ಹಳೆಯ ಕಲ್ಲುಗಳ ಇಡೀ ಬಳಗಕ್ಕೆ 'ಧಾರವಾಡ' ಎಂಬ ಹೆಸರು ಕೊಟ್ಟವನೂ ಅವನೇ. ಇಂದಿಗೂ ಜಗತ್ತಿನ ಭೂವಿಜ್ಞಾನದ ಪಠ್ಯಗಳಲ್ಲಿ ಆ ಹೆಸರು ಇದೆ. ನಿಮ್ಮ ಡೋಣಿ ಹಳ್ಳದ ಉಸುಕು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಜಾಲಗಾರರೂ ಇದೇ ಕಲ್ಲನ್ನು ನಂಬಿ ಬದುಕಿದವರು.

ಹಾಗಾದರೆ 'ಉತ್ತರ ಕರ್ನಾಟಕದ ಸಹ್ಯಾದ್ರಿ' ಎಲ್ಲಿಂದ ಬಂತು? ಅದು ಪ್ರೀತಿಯಿಂದ ಕೊಟ್ಟ ಬಿರುದು. ಬಯಲುಸೀಮೆಯ ನಡುವೆ ಇಷ್ಟು ಹಸಿರು, ಇಷ್ಟು ಔಷಧಿ ಸಸ್ಯ ಇರುವ ಇನ್ನೊಂದು ಗುಡ್ಡ ಈ ಕಡೆ ಇಲ್ಲ, ಅದಕ್ಕೆ ಹಾಗೆ ಕರೆದರು. 2011ರಲ್ಲಿ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವ ಯೋಜನೆಯ ವಿರುದ್ಧ ಗದುಗಿನ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಜನ ಎದ್ದಾಗಲೂ, ಮುಂದೆ ಗುಡ್ಡವನ್ನು ಗಣಿಯಿಂದ ಉಳಿಸುವ ಹೋರಾಟದಲ್ಲೂ ಈ ಬಿರುದು ಕೆಲಸಕ್ಕೆ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಿರುದನ್ನು ಭೂಗೋಳ ಎಂದು ತಿಳಿದು ಅದರ ಲೆಕ್ಕದಲ್ಲಿ ಹೊಲ ಮಾಡಿದರೆ ತೊಂದರೆ. ಕಪ್ಪತ ಎಂಬ ಹೆಸರಿಗೂ ಜನ ನಾನಾ ಮೂಲ ಹೇಳುತ್ತಾರೆ: ದೂರದಿಂದ ಕಪ್ಪಾಗಿ ಕಾಣುವುದಕ್ಕೆ ಎನ್ನುವವರಿದ್ದಾರೆ, ಪಾರಿವಾಳದ ಕಪೋತಗಿರಿ ಎನ್ನುವವರಿದ್ದಾರೆ, ಕಪ್ಪತ ಮಲ್ಲಯ್ಯನ ಗುಡ್ಡ ಅಷ್ಟೇ ಎನ್ನುವ ಭಕ್ತರಿದ್ದಾರೆ. ಯಾವುದನ್ನು ಒಪ್ಪಿದರೂ ಮಳೆಯ ಲೆಕ್ಕ ಬದಲಾಗುವುದಿಲ್ಲ. ನನಗೆ ಹಿಡಿಸುವುದು 'ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು' ಅನ್ನುವ ಮಾತು. ಅದು ಈ ಗುಡ್ಡವನ್ನು ಇನ್ನೊಂದರ ನೆರಳಿನಲ್ಲಿ ನಿಲ್ಲಿಸುವುದಿಲ್ಲ. 'ಏಷ್ಯಾದಲ್ಲೇ ಅತಿ ಶುದ್ಧ ಗಾಳಿ' ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶವನ್ನು ಮಾತ್ರ ಪಕ್ಕಕ್ಕಿಡಿ. ಗುಡ್ಡದ ಗಾಳಿ ಸ್ವಚ್ಛ, ನಿಜ. ಆದರೆ ಏಷ್ಯಾದ ಎಲ್ಲ ಗುಡ್ಡಗಳಲ್ಲೂ ಯಂತ್ರ ಇಟ್ಟು ಅಳೆದು ಪಟ್ಟ ಕಟ್ಟಿದವರು ಯಾರೂ ಇಲ್ಲ.

ಈಗ ಮಳೆಯ ವಿಷಯ. ಗುಡ್ಡ ಇದ್ದರೆ ಮೋಡ ತಡೆದು ಮಳೆ ಸುರಿಸುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದು ಅರ್ಧ ಸತ್ಯ. ಗುಡ್ಡ ಎಷ್ಟು ಎತ್ತರ ಅನ್ನುವುದಕ್ಕಿಂತ ಎಲ್ಲಿ ನಿಂತಿದೆ ಅನ್ನುವುದು ಮುಖ್ಯ. ಗೋವಾ ಗಡಿಯ ಕ್ಯಾಸಲ್‌ರಾಕ್ ಸ್ಟೇಷನ್ನೂ ಗದಗ ಪಟ್ಟಣವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರ, ಎರಡೂ ಆರುನೂರು ಮೀಟರಿಗೆ ಸ್ವಲ್ಪ ಮೇಲೆ. ಆದರೆ ಅಲ್ಲಿ ಸುರಿಯುವ ಮಳೆ ಗದಗಿನ ಹಲವು ಪಟ್ಟು. ಕಾರಣ ಇಷ್ಟೇ: ಅರಬ್ಬಿ ಸಮುದ್ರದಿಂದ ತುಂಬಿ ಬಂದ ಗಾಳಿಗೆ ಮೊದಲು ಎದುರಾಗುವುದು ಘಟ್ಟ. ಅದನ್ನು ಏರುವಾಗ ಗಾಳಿ ತಣ್ಣಗಾಗಿ ತನ್ನ ನೀರನ್ನು ಅಲ್ಲೇ ಇಳಿಸುತ್ತದೆ. ಘಟ್ಟ ದಾಟಿ ಈಚೆ ಇಳಿಯುವಾಗ ಬಿಸಿಯಾಗುತ್ತದೆ, ಮೋಡ ತೆಳುವಾಗುತ್ತದೆ. ಕಲಘಟಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಅಣ್ಣಿಗೇರಿ, ಗದಗ ಎಂದು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬನ್ನಿ. ಗದ್ದೆ ಹೋಗಿ ಹತ್ತಿ ಬರುತ್ತದೆ, ಹತ್ತಿ ಹೋಗಿ ಕಡ್ಲಿ, ಜೋಳ ಬರುತ್ತವೆ. ಧಾರವಾಡದಲ್ಲಿ ವರ್ಷಕ್ಕೆ 800 ಮಿ.ಮೀ. ಹತ್ತಿರವಿದ್ದ ಮಳೆ ಗದಗ ಜಿಲ್ಲೆಗೆ ಬರುವಷ್ಟರಲ್ಲಿ 600ರ ಆಸುಪಾಸಿಗೆ ಇಳಿಯುತ್ತದೆ. ಆಗುಂಬೆಯಲ್ಲಿ ಅದು 7000 ದಾಟುತ್ತದೆ.

ಹೀಗೆ ಹಿಂಡಿ ಹೋದ ಗಾಳಿಗೆ ಎದುರಾಗಿ ನಿಂತಿರುವುದು ಕಪ್ಪತಗುಡ್ಡ. ಬಯಲಿನಿಂದ ಕೆಲವು ನೂರು ಮೀಟರ್ ಏಳುತ್ತದೆ, ಅಗಲವೂ ಕಡಿಮೆ. ಜುಲೈನಲ್ಲಿ ಗುಡ್ಡದ ನೆತ್ತಿಯ ಗಾಳಿಗುಂಡಿ ಬಸವಣ್ಣನ ತಲೆಗೆ ಮೋಡ ಸುತ್ತಿಕೊಳ್ಳುತ್ತದೆ, ಜಿಟಿಜಿಟಿ ಹನಿ ಬೀಳುತ್ತದೆ, ಹುಲ್ಲು ತೊಯ್ದು ನಿಲ್ಲುತ್ತದೆ. ಅಷ್ಟೇ. ಆ ಮೋಡಕ್ಕೆ ದಪ್ಪವಿಲ್ಲ. ಕೆಳಗಿನ ಹೊಲದಲ್ಲಿ ನಿಂತವನಿಗೆ ಮೋಡ ಕಾಣುತ್ತದೆ, ಗಾಳಿ ಕಿವಿಗೆ ಬಡಿಯುತ್ತದೆ, ನೆಲ ಮಾತ್ರ ಒಣಗಿರುತ್ತದೆ.

ಫ್ಯಾನಿನ ಮೇಲೆ ಅಪವಾದ ಬಂದದ್ದು ಇಲ್ಲಿಂದಲೇ. ಜನ ಸುಳ್ಳು ಹೇಳುತ್ತಿಲ್ಲ, ಅವರು ಕಂಡದ್ದು ಖರೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಫ್ಯಾನ್ ರಭಸದಿಂದ ತಿರುಗುತ್ತವೆ, ಆಗ ಮಳೆ ಕಡಿಮೆ. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ ಫ್ಯಾನ್ ನಿಧಾನವಾಗುತ್ತವೆ, ಎಷ್ಟೋ ದಿನ ನಿಂತೇ ಇರುತ್ತವೆ, ಆಗ ಮಳೆ ಬರುತ್ತದೆ. ಇದನ್ನು ವರ್ಷವರ್ಷವೂ ಕಂಡವರು 'ಫ್ಯಾನ್ ತಿರುಗಿದರ ಮಳಿ ಇಲ್ಲ, ನಿಂತರ ಮಳಿ' ಎಂದರೆ ತಪ್ಪೇನಿಲ್ಲ. ತಪ್ಪಿರುವುದು ಯಾವುದು ಕಾರಣ, ಯಾವುದು ಪರಿಣಾಮ ಅನ್ನುವುದರಲ್ಲಿ. ಆಷಾಢದಲ್ಲಿ ಅರಬ್ಬಿ ಸಮುದ್ರದಿಂದ ದಖನ್ ಮೇಲೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಬಿರುಸಾದ ಗಾಳಿಯ ಹೊನಲು ಹರಿಯುತ್ತದೆ. ಮೋಡ ಮೇಲಕ್ಕೆ ಬೆಳೆಯಲು ಅದು ಪುರುಸೊತ್ತು ಕೊಡುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಫ್ಯಾನ್ ತಿರುಗಿಸುವುದೂ ಅದೇ, ಮಳೆ ತಪ್ಪಿಸುವುದೂ ಅದೇ. ಭಾದ್ರಪದಕ್ಕೆ ಆ ಗಾಳಿ ಸೋಲುತ್ತದೆ. ಕಾದ ನೆಲದಿಂದ ಮೋಡ ನೆಟ್ಟಗೆ ಮೇಲೇಳುತ್ತದೆ, ಬಂಗಾಳ ಕೊಲ್ಲಿಯ ಕಡೆಯ ತೇವವೂ ಸೇರುತ್ತದೆ, ಸಂಜೆಗೆ ಗುಡುಗು ಮಿಂಚಿನ ಜೋರು ಮಳೆ. ನಿಮ್ಮ ಸೀಮೆಯ ದೊಡ್ಡ ಮಳೆಗಳು ಬರುವುದು ಹೀಗೆಯೇ: ಮೇ ತಿಂಗಳ ಅಡ್ಡಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್. ಅಂಥ ಮೋಡದ ತಲೆ ಹತ್ತು ಕಿ.ಮೀ. ಎತ್ತರಕ್ಕೂ ಹೋಗುತ್ತದೆ. ನೂರು, ನೂರೈವತ್ತು ಮೀಟರಿನ ಫ್ಯಾನಿಗೆ ಅದರ ಕಾಲಬುಡವೂ ಸಿಗುವುದಿಲ್ಲ.

ಇನ್ನೊಂದು ಮಾತು. ಫ್ಯಾನ್ ಎಂಬ ಹೆಸರಿನಿಂದಲೇ ಅದು ಗಾಳಿ ಹಾಕುತ್ತದೆ ಎಂಬ ಭಾವನೆ ಬಂದಿದೆ. ಮನೆಯ ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತದೆ. ಗುಡ್ಡದ ಫ್ಯಾನ್ ಗಾಳಿ ತಿಂದು ಕರೆಂಟ್ ಕೊಡುತ್ತದೆ. ಅದರ ಹಿಂದೆ ಗಾಳಿ ಸ್ವಲ್ಪ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ದೊಡ್ಡ ಗಾಳಿ ಘಟಕಗಳ ಸುತ್ತ ರಾತ್ರಿ ನೆಲದ ಹತ್ತಿರದ ಗಾಳಿ ಕಲಕಿ ತುಸು ಬೆಚ್ಚಗಾಗುವುದನ್ನು ಬೇರೆ ದೇಶಗಳಲ್ಲಿ ಅಳೆದಿದ್ದಾರೆ. ಮಳೆಯನ್ನು ಓಡಿಸುವ ಮಾತು ಬೇರೆಯೇ. ಫ್ಯಾನ್ ಇಲ್ಲದ 1876-78ರಲ್ಲಿ, ಆಗ ಗದಗವೂ ಸೇರಿದ್ದ ಧಾರವಾಡ ಜಿಲ್ಲೆ ಭೀಕರ ಬರ ಉಂಡಿತು. ಫ್ಯಾನ್ ಬಂದ ಮೇಲೆ, 2009ರ ಸೆಪ್ಟೆಂಬರ್ ಕೊನೆಗೆ, ಉತ್ತರ ಕರ್ನಾಟಕದ ಊರೂರು ಮುಳುಗುವಷ್ಟು ಮಳೆಯಾಯಿತು.

ಹಾಗಂತ ಫ್ಯಾನ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಅದರ ಕೆಡುಕು ಆಕಾಶದಲ್ಲಿಲ್ಲ, ನೆಲದ ಮೇಲಿದೆ. ಸೆಪ್ಟೆಂಬರ್‌ನ ಒಂದು ಜೋರು ಮಳೆ ನಿಂತ ಮೇಲೆ ಗುಡ್ಡದ ಇಳಿಜಾರಿನಲ್ಲಿ ನಿಂತು ನೋಡಿ. ಹುಲ್ಲಿನ ನೆಲದಲ್ಲಿ ನೀರು ಹರಿಯುವುದೇ ಕಾಣುವುದಿಲ್ಲ. ಬಾದೆ ಹುಲ್ಲಿನ ಬುಡಗಳ ನಡುವೆ ಇಂಗುತ್ತಾ, ಹೆಚ್ಚಾದದ್ದು ಎಳೆ ಎಳೆಯಾಗಿ ತಿಳಿಯಾಗಿ ಇಳಿಯುತ್ತಿರುತ್ತದೆ. ಹುಲ್ಲು ಸರಿಸಿ ಬೆರಳು ಇಟ್ಟರೆ ಮಣ್ಣು ಮೆತ್ತಗೆ, ತಣ್ಣಗೆ. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ಫ್ಯಾನಿಗೆಂದು ಕಡಿದ ರಸ್ತೆ. ಅದರ ಅಂಚಿನಲ್ಲಿ ಕೆಂಪು ನೀರು ಸದ್ದು ಮಾಡುತ್ತಾ ಓಡುತ್ತಿರುತ್ತದೆ, ಗರಸು ಉರುಳಿಸಿಕೊಂಡು, ಮೊಣಕಾಲುದ್ದ ಕೊರಕಲು ತೆಗೆದುಕೊಂಡು. ಎರಡೂ ಕಡೆ ಬಿದ್ದದ್ದು ಅದೇ ಮಳೆ. ಒಂದು ಕಡೆಯದು ಮುಂದಿನ ಜನವರಿಗೆ ನಿಮ್ಮ ಬಾವಿಗೆ ಬರುತ್ತದೆ, ಇನ್ನೊಂದು ಕಡೆಯದು ಅದೇ ದಿನ ಹಳ್ಳ ಸೇರಿ ತುಂಗಭದ್ರೆಗೆ ಹೋಗುತ್ತದೆ, ಹೋಗುವಾಗ ನಿಮ್ಮ ಮಸಾರಿಯ ಮೇಲೆ ಗರಸು ಹಾಸಿ ಹೋಗುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಕಪ್ಪತಗುಡ್ಡ ಮಳೆ ತರುವ ಗುಡ್ಡವಲ್ಲ, ಬಂದ ಮಳೆಯನ್ನು ಹಿಡಿದಿಡುವ ಗುಡ್ಡ. ವರ್ಷಕ್ಕೆ ಬೀಳುವ ಮಳೆಗಿಂತ ಎರಡು ಪಟ್ಟಿಗೂ ಹೆಚ್ಚು ನೀರನ್ನು ಬಿಸಿಲು, ಗಾಳಿ ಹೀರಬಲ್ಲ ಸೀಮೆ ನಮ್ಮದು. ಇಂಥಲ್ಲಿ ನೀರು ನೆಲದೊಳಗೆ ಹೋದರೆ ಉಳಿಯಿತು, ಮೇಲೆ ನಿಂತರೆ ಹೋಯಿತು. ನಿಮ್ಮ ಹೊಲದ ಭಾಗ್ಯ ಮೋಡಕ್ಕಿಂತ ಹೆಚ್ಚಾಗಿ ಗುಡ್ಡದ ಇಳಿಜಾರಿನ ಮೇಲೆ ನಿಂತಿದೆ.

ಅದಕ್ಕೇ ಊರಿನ ಹುಡುಗರಿಗೂ ಒಂದು ಮಾತು. ಅವರ ಕಳಕಳಿ ದೊಡ್ಡದು. ಆದರೆ ಗುಡ್ಡದ ಮೇಲಿನ ಹುಲ್ಲುಗಾವಲು ಖಾಲಿ ಜಾಗವಲ್ಲ. ತೋಳ, ಕತ್ತೆಕಿರುಬ, ಕೊಂಡುಕುರಿ ಬದುಕುವುದು ಇಂಥ ಹುಲ್ಲು, ಕುರುಚಲಿನಲ್ಲೇ, ನೀರು ಇಂಗುವುದೂ ಅಲ್ಲೇ. ಅದನ್ನು ಅಗೆದು ನೀಲಗಿರಿ, ಆಸ್ಟ್ರೇಲಿಯಾ ಜಾಲಿ ಹಚ್ಚಿದರೆ ಇಂಗುವ ನೀರು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಗಿಡ ಹಚ್ಚಿದ್ದರಿಂದ ಮುಂಗಾರು ದಿಕ್ಕು ಬದಲಿಸುವುದಿಲ್ಲ, ಈ ಗುಡ್ಡದ ಅಳತೆ ಅದಕ್ಕೆ ಸಾಲದು. ಹಚ್ಚುವ ಆಸೆಯಿದ್ದರೆ ಹೊಲದ ಬದುವಿಗೆ, ಹಳ್ಳದ ದಂಡೆಗೆ ಬೇವು, ಹುಣಸಿ, ಹೊಂಗೆ ಹಚ್ಚಲಿ. ಗುಡ್ಡಕ್ಕೆ ಅವರು ಮಾಡಬಹುದಾದ ದೊಡ್ಡ ಉಪಕಾರ ಬೇಸಿಗೆಯ ಬೆಂಕಿ ತಡೆಯುವುದು. ಫೆಬ್ರುವರಿ ಕಳೆದರೆ ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಸುಟ್ಟ ಇಳಿಜಾರಿನ ಮೇಲೆ ಅಡ್ಡಮಳೆ ಬಿದ್ದರೆ ಬೂದಿಯೂ ಮಣ್ಣೂ ಕೂಡಿಯೇ ಹಳ್ಳಕ್ಕೆ ಬರುತ್ತವೆ.

ಇನ್ನು ನಿಮ್ಮ ರೊಕ್ಕದ ಪ್ರಶ್ನೆ.

ಮೂರನೇ ಬೋರಿನ ಬಗ್ಗೆ ನೇರವಾಗಿ ಹೇಳುತ್ತೇನೆ: ಈಗ ಬೇಡ. ನಿಮ್ಮ ಕಾಲ ಕೆಳಗಿನ ಕಲ್ಲಿನಲ್ಲಿ ನೀರಿಗೆ ಹೊಳೆ, ಕೆರೆ ಎಂಬುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರಿನಲ್ಲಿ ಒಂದಿಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು, ಅಷ್ಟೇ. ಹಸಿರು ಛಾಯೆಯ ಪದರುಗಲ್ಲು ಕೊಳೆತರೆ ಜೇಡಿಯಾಗುತ್ತದೆ, ಬಿರುಕುಗಳನ್ನೂ ಮುಚ್ಚಿಬಿಡುತ್ತದೆ. ನಿಮ್ಮ ಮೊದಲ ಬೋರಿನಲ್ಲಿ ಬರೀ ಧೂಳು ಬಂದದ್ದಕ್ಕೆ ಇದೇ ಕಾರಣವಿರಬಹುದು. ಎರಡನೆಯದು ಒಂದು ಬಿರುಕು ಮುಟ್ಟಿತು, ಅದರಲ್ಲಿ ವರ್ಷಗಟ್ಟಲೆ ಕೂಡಿದ್ದ ನೀರನ್ನು ಎರಡು ವರ್ಷದಲ್ಲಿ ಎತ್ತಿದಿರಿ, ಅಷ್ಟೇ ವೇಗದಲ್ಲಿ ಇಂಗಲಿಲ್ಲ, ಬತ್ತಿತು. ಆಳಕ್ಕೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವಾಗುತ್ತವೆ. ನಾಲ್ಕುನೂರರಿಂದ ಎಂಟುನೂರು ಫೂಟಿಗೆ ಹೋದರೆ ಖರ್ಚು ದುಪ್ಪಟ್ಟಿಗೂ ಮೀರುತ್ತದೆ, ನೀರಿನ ಆಸೆ ದುಪ್ಪಟ್ಟಾಗುವುದಿಲ್ಲ. ಸಿಕ್ಕರೂ ಅದು ಬಹಳ ಹಳೆಯ ನೀರು, ಮತ್ತೆ ತುಂಬುವುದು ತೀರ ನಿಧಾನ.

ಜೊತೆಗೆ ಮುಂಡರಗಿ ತಾಲೂಕಿನಲ್ಲಿ ಇನ್ನೊಂದು ಅಪಾಯ ಇದೆ, ಫ್ಲೋರೈಡ್. ಕಲ್ಲಿನ ಜೊತೆ ನೀರು ಹೆಚ್ಚು ಕಾಲ ಕಳೆದಷ್ಟೂ ಫ್ಲೋರೈಡ್ ಕರಗಿಸಿಕೊಳ್ಳುತ್ತದೆ, ಹಾಗಾಗಿ ಆಳದ ಬೋರುಗಳಲ್ಲಿ ಅದು ಸಾಮಾನ್ಯವಾಗಿ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಮೊಣಕಾಲು, ಬೆನ್ನು ಬಿಗಿತ ಇರುವ ಮನೆಗಳನ್ನು ಈ ತಾಲೂಕಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಈಗಲೂ ನಿಮ್ಮ ಮನೆಯವರು ಯಾವ ಬೋರಿನ ನೀರು ಕುಡಿಯುತ್ತಿದ್ದೀರೋ ಅದರ ಒಂದು ಬಾಟಲಿ ಪರೀಕ್ಷೆಗೆ ಕೊಡಿ. ಪಂಚಾಯಿತಿಯ ಮೂಲಕವೇ ಇದನ್ನು ಮಾಡಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ ಅನ್ನುವುದೂ ನೆನಪಿರಲಿ.

ತೆಂಗಿನಕಾಯಿ ಹಿಡಿದು ನೋಡುವವರ ಮೇಲೆ ನನಗೆ ಸಿಟ್ಟಿಲ್ಲ. ಹಳ್ಳಿಯ ನೆಲ ಬಲ್ಲವರು ಅವರಲ್ಲಿ ಇದ್ದಾರೆ. ಹಳ್ಳದ ವಾಲು, ಹುತ್ತ, ಗಿಡದ ಹಸಿರು ನೋಡಿ ಅಂದಾಜು ಹೇಳುತ್ತಾರೆ. ಆದರೆ ಕಾಯಿ ನೆಟ್ಟಗೆ ನಿಲ್ಲುವುದಕ್ಕೂ ನಾನೂರು ಫೂಟಿನ ಕೆಳಗಿನ ಬಿರುಕಿಗೂ ನಂಟಿಲ್ಲ. ಮುಂದೆ ಎಂದಾದರೂ ಬೋರ್ ಹೊಡೆಸಲೇಬೇಕಾದರೆ ಮೊದಲು ರೆಸಿಸ್ಟಿವಿಟಿ ಸರ್ವೆ ಮಾಡಿಸಿ. ನೆಲಕ್ಕೆ ಕರೆಂಟ್ ಬಿಟ್ಟು ಕಲ್ಲು ಎಲ್ಲಿ ಕೊಳೆತಿದೆ, ಎಲ್ಲಿ ಒಡೆದಿದೆ ಎಂದು ಅಳೆಯುವ ಪದ್ಧತಿ ಅದು. ಅದೂ ನೂರಕ್ಕೆ ನೂರು ಗ್ಯಾರಂಟಿಯಲ್ಲ, ಸೋಲುವ ಸಾಧ್ಯತೆ ಕಡಿಮೆ ಮಾಡುತ್ತದೆ. ಜಾಗ ನೋಡುವಾಗ ಗುಡ್ಡದ ಬುಡಕ್ಕೆ ತೀರ ಅಂಟಿಕೊಳ್ಳಬೇಡಿ, ಅಲ್ಲಿ ಉರುಳಿಬಂದ ಕಲ್ಲು ತುಂಬಿರುತ್ತದೆ, ಬೋರಿನ ಕೇಸಿಂಗ್ ಪೈಪು ನಿಲ್ಲುವುದಿಲ್ಲ. ಎರಡು ಬಗೆಯ ಕಲ್ಲು ಕೂಡುವ ಗೆರೆ, ಬಿಳಿ ಬೆಣಚುಕಲ್ಲಿನ ಸಾಲು, ನೇರವಾಗಿ ಹರಿಯುವ ಹಳ್ಳದ ಬದಿ, ಇವುಗಳಲ್ಲಿ ಬಿರುಕು ಸಿಗುವ ಸಾಧ್ಯತೆ ಹೆಚ್ಚು. ಕೊರೆಯುವ ಮುನ್ನ ನಿಮ್ಮಲ್ಲಿ ಅನುಮತಿ ಬೇಕೇ ಎಂದು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನನ್ನ ಸಲಹೆ ಕೃಷಿಹೊಂಡ. ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ಹೊಂಡಕ್ಕೆ ನೀರು ಕೊಡುವ ನಿಮ್ಮ ಐದು ಎಕರೆ ಮಸಾರಿಗೆ 50 ಮಿ.ಮೀ.ನ ಒಂದು ಜೋರು ಮಳೆಯಾದರೆ ಹತ್ತು ಲಕ್ಷ ಲೀಟರ್. ಅದರಲ್ಲಿ ಐದನೇ ಒಂದು ಪಾಲು ಹರಿದು ಹೋಗುತ್ತದೆ ಎಂದಿಟ್ಟುಕೊಂಡರೂ ಎರಡು ಲಕ್ಷ ಲೀಟರ್. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ, ಬದಿಗಳು ಇಳಿಜಾರಾದ ಹೊಂಡದಲ್ಲಿ ಹತ್ತು ಲಕ್ಷ ಲೀಟರಿನ ಹತ್ತಿರ ನೀರು ಹಿಡಿಯುತ್ತದೆ. ಅಂಥ ಐದು ಮಳೆಗೆ ಹೊಂಡ ತುಂಬುತ್ತದೆ. ಇದರಿಂದ ಕಬ್ಬು, ಬಾಳೆ ಬೆಳೆಯಲಾಗದು. ಆ ಆಸೆ ಇಟ್ಟುಕೊಂಡು ಹೊಂಡ ತೆಗೆಸಬೇಡಿ. ಆದರೆ ಎಕರೆಗೆ 50 ಮಿ.ಮೀ.ನಂತೆ ಒಂದು ತಂಪು ಕೊಡಲು ಬೇಕಾಗುವುದು ಎರಡು ಲಕ್ಷ ಲೀಟರ್. ಎರಿಯಲ್ಲಿ ಕಡ್ಲಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೂರೂ ಎಕರೆಗೆ ಒಂದು ಸಲ ನೀರು ಹಾಯಿಸಿದಿರಿ ಎಂದರೆ ಆರು ಲಕ್ಷ. ಸ್ಪ್ರಿಂಕ್ಲರ್ ಹಾಕಿದರೆ ಇನ್ನೂ ಕಡಿಮೆ. ಒಣಬೇಸಾಯದಲ್ಲಿ ಬೆಳೆ ಕೈಗೆ ಬರುವುದಕ್ಕೂ ಬಾರದಿರುವುದಕ್ಕೂ ಎಷ್ಟೋ ಸಲ ಆ ಒಂದು ತಂಪೇ ವ್ಯತ್ಯಾಸ. ಅದು ನಿಮಗೆ ಹೇಳಿಕೊಡಬೇಕಾದ್ದಲ್ಲ.

ಹೊಂಡಕ್ಕೂ ತೊಡಕುಗಳಿವೆ. ಅಗೆಯುವುದು ಎರಿ ಹೊಲದ ಮೇಲಂಚಿನಲ್ಲಿ, ಮಸಾರಿಯ ನೀರು ತಾನಾಗಿ ಬಂದು ಸೇರುವ ಕಡೆ ಇರಲಿ. ಎರಿಯಲ್ಲಿ ನೀರು ನಿಲ್ಲುತ್ತದೆ, ಆದರೆ ಬೇಸಿಗೆಗೆ ಬಿರಿಯುತ್ತದೆ. ಮಸಾರಿಯಲ್ಲಿ ಅಗೆದರೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು, ಇಲ್ಲವಾದರೆ ವಾರದಲ್ಲಿ ಖಾಲಿ. ಗಾಳಿ, ಬಿಸಿಲಿಗೆ ದಿನಕ್ಕೆ ಐದಾರು ಮಿ.ಮೀ. ನೀರು ಆರುತ್ತದೆ, ಹಾಗಾಗಿ ಅಗಲ ಹೆಚ್ಚಿಸುವುದಕ್ಕಿಂತ ಆಳ ಹೆಚ್ಚಿಸುವುದು ಮೇಲು. ನೀರು ಒಳಗೆ ಬರುವ ಬಾಯಿಯಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿ ಮಾಡಿಸಿ, ವರ್ಷಕ್ಕೊಮ್ಮೆ ಅದನ್ನು ಬಳಿಸಿ. ಸುತ್ತ ತಂತಿ ಬೇಲಿ ಬೇಕೇ ಬೇಕು. ಹಾಳೆ ಹಾಸಿದ ಹೊಂಡದಲ್ಲಿ ಕಾಲು ಜಾರಿದ ಮಗು, ದನ ಮೇಲೆ ಬರಲಾರವು. ಖರ್ಚು ಉಳಿಸಲು ಬೇಲಿ ಬಿಟ್ಟವರ ಮನೆಯಲ್ಲಿ ಆದ ದುಃಖ ನಾನು ನೋಡಿದ್ದೇನೆ, ಈ ಒಂದು ವಿಷಯದಲ್ಲಿ ದಯವಿಟ್ಟು ಮುಂದೂಡಬೇಡಿ. ಕೃಷಿ ಇಲಾಖೆಯ ಕೃಷಿಭಾಗ್ಯದ ಸಹಾಯಧನ ಈ ವರ್ಷ ನಿಮ್ಮ ಹೋಬಳಿಗೆ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮಸಾರಿಯ ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿಸುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ನಿಮಗೆ ಸಿಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಬತ್ತಿದ ಎರಡನೇ ಬೋರಿಗೆ ಮಣ್ಣು ತುಂಬಿ ಹೂಳಬೇಡಿ, ಬಾಯಿಗೆ ಮಾತ್ರ ಗಟ್ಟಿ ಮುಚ್ಚಳ ಇರಲಿ. ಅದರ ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಉಸುಕು ತುಂಬಿ, ಹೊಂಡದ ಕೋಡಿ ನೀರನ್ನು ಅಲ್ಲಿಗೆ ತಿರುಗಿಸಿ. ಒಮ್ಮೆ ನೀರು ಕೊಟ್ಟ ಬಿರುಕು ನೀರು ಕುಡಿಯಲೂಬಲ್ಲದು. ಗೊಬ್ಬರ, ಔಷಧಿ ತೊಳೆದ ನೀರು ಮಾತ್ರ ಅದರೊಳಗೆ ಹೋಗಬಾರದು.

ಲೀಸಿನ ವಿಷಯಕ್ಕೆ ಬಂದರೆ, ಮೋಡದ ಹೆದರಿಕೆಯಿಂದ ಬೇಡ ಅನ್ನಬೇಡಿ, ರೊಕ್ಕದ ಆಸೆಯಿಂದ ಹೂಂ ಅನ್ನಲೂಬೇಡಿ. ನಿಮ್ಮ ಎರಡು ಎಕರೆ ಬೇಕಾಗಿರುವುದು ಫ್ಯಾನ್ ನಿಲ್ಲಿಸಲೋ, ಕ್ರೇನು ಹೋಗುವ ರಸ್ತೆಗೋ ಎಂದು ಮೊದಲು ಕೇಳಿ. ರಸ್ತೆಗಾದರೆ ನಿಮ್ಮ ಹೊಲಕ್ಕೆ ಬರುವ ನೀರಿನ ದಾರಿಯೇ ಕಡಿದುಹೋಗಬಹುದು, ಆಗ ಹೊಂಡದ ಲೆಕ್ಕವೆಲ್ಲ ತಲೆಕೆಳಗು. ರಸ್ತೆಯ ಕೆಳಗೆ ನೀರು ದಾಟುವ ಪೈಪು ಯಾರು ಹಾಕುತ್ತಾರೆ, ಗರಸು ಕೊಚ್ಚಿಬಂದರೆ ಯಾರು ತೆಗೆಸುತ್ತಾರೆ, ಅವಧಿ ಎಷ್ಟು ವರ್ಷ, ಅದು ಮುಗಿದ ಮೇಲೆ ಕಾಂಕ್ರೀಟು ಯಾರು ಕೀಳುತ್ತಾರೆ, ಇವೆಲ್ಲ ಕರಾರಿನಲ್ಲಿ ಕನ್ನಡದಲ್ಲಿ ಬರೆದಿರಬೇಕು. ಬಾಯಿಮಾತು ನಡೆಯುವುದಿಲ್ಲ, ಇಂಥ ಲೀಸುಗಳು ನಿಮ್ಮ ಮಗನ ಕಾಲದವರೆಗೂ ನಡೆಯುತ್ತವೆ. ಕಪ್ಪತಗುಡ್ಡ 2015ರಲ್ಲಿ ಸಂರಕ್ಷಿತ ಪ್ರದೇಶವಾಗಿ, 2016ರಲ್ಲಿ ಆ ಆದೇಶ ರದ್ದಾಗಿ, ಜನರ ಹೋರಾಟದಿಂದ 2017ರಲ್ಲಿ ಮತ್ತೆ ಬಂದು, 2019ರಲ್ಲಿ 244 ಚದರ ಕಿ.ಮೀ.ನ ವನ್ಯಜೀವಿಧಾಮವಾಗಿದೆ. ಅದರ ಅಂಚಿನ ಹೊಲಗಳಲ್ಲಿ ಬೇಸಾಯಕ್ಕೆ ಅಡ್ಡಿಯಿಲ್ಲದಿದ್ದರೂ ಇಂಥ ಕಾಮಗಾರಿಗೆ ನಿಯಮಗಳು ಅನ್ವಯಿಸಬಹುದು. ಹೊಲದ ಉತಾರ (ಪಹಣಿ) ತೆಗೆದುಕೊಂಡು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ, ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಅದು ಕೈಗೆ ಬರುವವರೆಗೆ ಸಹಿ ಹಾಕಬೇಡಿ, ಮುಂಗಡವನ್ನೂ ಮುಟ್ಟಬೇಡಿ.

ಹೊಂಡದ ಕೆಲಸ ಕಡ್ಲಿ ಕಿತ್ತ ಮೇಲೆ ಹಿಡಿಯಿರಿ. ಅಡ್ಡಮಳೆ ಶುರುವಾಗುವ ಮುಂಚೆ ಅಗೆತ, ಬೇಲಿ ಎರಡೂ ಮುಗಿದಿರಬೇಕು. ಅಷ್ಟರೊಳಗೆ ಒಂದು ಮಳೆಯ ದಿನ ಮಗನನ್ನು ಕರೆದುಕೊಂಡು ಹೊಲದ ಮೇಲಂಚಿನಿಂದ ಕೆಳಗಿನವರೆಗೆ ನಡೆದು, ನೀರು ಯಾವ ಯಾವ ಕಡೆಯಿಂದ ಬರುತ್ತದೆ ಎಂದು ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಆ ಗುರುತುಗಳ ನಕ್ಷೆ ಮತ್ತು ನೀರಿನ ಪರೀಕ್ಷೆಯ ವರದಿ ಕಳಿಸಿದರೆ ಹೊಂಡದ ಜಾಗ, ಅಳತೆಯ ಬಗ್ಗೆ ಇನ್ನೂ ಖಚಿತವಾಗಿ ಹೇಳುತ್ತೇನೆ.